ಕೀಡಿ ಕಡತಗಳನ್ನು ಜೋಡಿಸಿಡುವುದು ಹೇಗೆ?

ಲಿನಕ್ಸ್‌ನಲ್ಲಿ ಕೀಲಿಗಳ ಕೆಲಸ ಬದಲಿಸಿಕೊಳ್ಳಲು ಕೀಡಿ ಎಂಬ ತಂತ್ರಾಂಶವಿದೆ. ಕ್ಯಾಪ್ಸ್ ಲಾಕ್ ಒತ್ತಿಹಿಡಿದರೆ ಕಂಟ್ರೋಲ್, ತಟ್ಟಿ ಬಿಟ್ಟರೆ ಎಸ್ಕೇಪ್: ಇಂಥ ಅನುಕೂಲ ಅದರಿಂದ ಸಾಧ್ಯ. ಅದೊಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಂ. ಐಬಸ್‌ನಂಥ ಕನ್ನಡ ಟೈಪಿಂಗ್ ವ್ಯವಸ್ಥೆ ಅದರ ನಂತರದ ಹಂತದಲ್ಲಿ ಬರುತ್ತದೆ. ಅಕ್ಷರದ ಕೀಲಿಗಳನ್ನು ಮುಟ್ಟದಿದ್ದರೆ ನಿಮ್ಮ ಕನ್ನಡ ಕೀಲಿವಿನ್ಯಾಸಕ್ಕೆ ತೊಂದರೆಯಿಲ್ಲ.

ಸೆಟ್ಟಿಂಗ್‌ಗಳೆಲ್ಲ ಇಟಿಸಿ ಫೋಲ್ಡರಿನೊಳಗಿನ ಕೀಡಿ ಫೋಲ್ಡರಿನಲ್ಲಿ, ‘.ಕಾನ್ಫ್’ ಎಂದು ಕೊನೆಗೊಳ್ಳುವ ಕಡತಗಳಲ್ಲಿರುತ್ತವೆ. ಪ್ರತಿ ಕಡತದ ಮೊದಲಿಗೆ ಐಡಿ ವಿಭಾಗ. ಆ ಕಡತ ಯಾವ ಕೀಬೋರ್ಡಿಗೆ ಎಂದು ಅಲ್ಲಿ ಬರೆಯಬೇಕು. ನಕ್ಷತ್ರ ಚಿಹ್ನೆ ಹಾಕಿದರೆ, ಬೇರೆ ಕಡತದಲ್ಲಿ ಐಡಿ ಬರೆದಿರದ ಎಲ್ಲ ಕೀಬೋರ್ಡಿಗೂ ಅನ್ವಯ. ನಿರ್ದಿಷ್ಟ ಕೀಬೋರ್ಡಿನ ಐಡಿ ಬೇಕೆ? ‘ಸುಡೊ ಕೀಡಿ ಮಾನಿಟರ್’ ಆಜ್ಞೆ ಕೊಟ್ಟು ಅದರ ಒಂದು ಕೀಲಿ ಒತ್ತಿ, ಕಾಣಿಸುತ್ತದೆ.

ಬಹಳ ಜನ ಎಡವುವುದು ಇಲ್ಲಿ. ಲ್ಯಾಪ್‌ಟಾಪಿಗೆ ನಕ್ಷತ್ರ ಚಿಹ್ನೆಯ ಸಾಮಾನ್ಯ ಕಡತವಿದೆ, ಹೊರಗಿನ ಕೀಬೋರ್ಡಿಗೆ ಅದರ ಐಡಿ ಹಾಕಿ ಇನ್ನೊಂದು ಕಡತ ಮಾಡಿದಿರಿ ಎನ್ನಿ. ಕೀಡಿ ಎರಡನ್ನೂ ಸೇರಿಸುವುದಿಲ್ಲ. ಐಡಿ ಇರುವ ಕಡತವನ್ನಷ್ಟೇ ಓದುತ್ತದೆ, ಸಾಮಾನ್ಯ ಕಡತದ ಕ್ಯಾಪ್ಸ್ ಲಾಕ್ ಬದಲಾವಣೆ ಆ ಕೀಬೋರ್ಡಿಗೆ ಸಿಗುವುದೇ ಇಲ್ಲ. ಹಾಗೆಂದು ಎಲ್ಲವನ್ನೂ ಎರಡೂ ಕಡೆ ನಕಲು ಮಾಡಬೇಡಿ. ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ.

ಬದಲಿಗೆ ಎಲ್ಲದಕ್ಕೂ ಬೇಕಾದದ್ದನ್ನು ‘ಕಾಮನ್’ ಎಂಬ ಕಡತದಲ್ಲಿಡಿ. ಅದಕ್ಕೆ ‘.ಕಾನ್ಫ್’ ಬಾಲ ಬೇಡ. ಪ್ರತಿ ಕೀಬೋರ್ಡಿನ ಕಡತದಲ್ಲಿ ಐಡಿಯ ಕೆಳಗೆ ‘ಇನ್‌ಕ್ಲೂಡ್ ಕಾಮನ್’ ಎಂದು ಬರೆಯಿರಿ. ಇನ್‌ಕ್ಲೂಡ್ ಎಂದರೆ ಆ ಕಡತವನ್ನೂ ಇಲ್ಲಿಗೆ ಸೇರಿಸು ಎಂದು. ಆ ಕೀಬೋರ್ಡಿಗೆ ಮಾತ್ರ ಬೇಕಾದ ಬದಲಾವಣೆ ಅದರ ಕೆಳಗಿರಲಿ. ಕಡತಕ್ಕೆ ಕೀಬೋರ್ಡಿನ ಹೆಸರನ್ನೇ ಇಡಿ, ಆರು ತಿಂಗಳ ನಂತರವೂ ಗುರುತು ಸಿಗುತ್ತದೆ.

ತಿದ್ದಿದ ಮೇಲೆ ‘ಸುಡೊ ಕೀಡಿ ರಿಲೋಡ್’ ಕೊಡಿ. ಏನೋ ಎಡವಟ್ಟಾಗಿ ಕೀಬೋರ್ಡೇ ಕೈಕೊಟ್ಟರೆ? ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಕೀಡಿ ನಿಲ್ಲುತ್ತದೆ, ಕೀಲಿಗಳು ಮೊದಲಿನಂತಾಗುತ್ತವೆ. ಕಡತ ಮುಟ್ಟುವ ಮೊದಲೇ ಇದನ್ನು ನೆನಪಿಟ್ಟುಕೊಳ್ಳಿ.

ಖರ್ಚೇನೂ ಇಲ್ಲ, ಇದು ಮುಕ್ತ ತಂತ್ರಾಂಶ. ಆರ್ಚ್ ಮತ್ತು ಡೆಬಿಯನ್ 13ರ ಭಂಡಾರಗಳಲ್ಲೇ ಸಿಗುತ್ತದೆ. ಡೆಬಿಯನ್‌ನಲ್ಲಿ ಆಜ್ಞೆಯ ಹೆಸರು ಮಾತ್ರ ‘ಕೀಡಿ.ಆರ್‌ವೈಯಾ’. ಇಟಿಸಿ ಫೋಲ್ಡರ್ ನಿಮ್ಮ ಹೋಮ್ ಫೋಲ್ಡರಿನ ಹೊರಗಿದೆ. ಹೋಮ್ ಮಾತ್ರ ಬ್ಯಾಕಪ್ ಮಾಡುವವರು ಈ ಕಡತಗಳದ್ದೊಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡಿ.