ಹಸುಗೂಸಿನ ರಾತ್ರಿಯ ಹಾಲೂಟ ಮತ್ತು ಹಗಲಿನ ಲೆಕ್ಕ

ಮನುಷ್ಯಶಿಶುವಿಗೆ ಹುಟ್ಟುವಾಗ ಹಗಲಿರುಳುಗಳ ಭೇದ ತಿಳಿದಿರುವುದಿಲ್ಲ. ನಿದ್ದೆ, ಹಸಿವು, ಮೈಬಿಸಿ ಇವುಗಳನ್ನು 24 ಗಂಟೆಗಳ ಲಯಕ್ಕೆ ಹೊಂದಿಸುವ ಜೈವಿಕ ಗಡಿಯಾರವು ಮಿದುಳಿನ ಹೈಪೊಥಲಾಮಸ್ ಎಂಬ ಭಾಗದ ಒಂದು ಸಣ್ಣ ನರಕೋಶಗುಚ್ಛದಲ್ಲಿದ್ದು, ಜನನದ ಅನಂತರ ಹೊರಗಿನ ಬೆಳಕು ಕತ್ತಲೆಗಳ ಪ್ರಭಾವದಿಂದ ನಿಧಾನವಾಗಿ ಹದಕ್ಕೆ ಬರುತ್ತದೆ. ಕತ್ತಲಾದಾಗ ಸ್ರವಿಸಿ ದೇಹವನ್ನು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಶಿಶುವಿನಲ್ಲಿ ಕ್ರಮವಾಗಿ ಏರಿಳಿಯಲು ಸುಮಾರು 3 ತಿಂಗಳು ಬೇಕಾಗುತ್ತದೆ. ಆ ಅವಧಿಯಲ್ಲಿ ತಾಯಿಯ ರಾತ್ರಿಯ ಹಾಲಿನಿಂದ ಸ್ವಲ್ಪ ಮೆಲಟೋನಿನ್ ಮಗುವಿಗೆ ದೊರೆಯುತ್ತದೆ. ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಎಳೆಯ ಶಿಶುವಿನ ಜಠರ ಚಿಕ್ಕದಾಗಿದ್ದು ಎದೆಹಾಲು ಬೇಗ ಜೀರ್ಣವಾಗುವುದರಿಂದ, ಮೊದಲ ತಿಂಗಳುಗಳಲ್ಲಿ ರಾತ್ರಿಯ ಹಾಲೂಟ ಶರೀರದ ನಿಜವಾದ ಅಗತ್ಯವೇ ಆಗಿರುತ್ತದೆ.

ಈ ಅಗತ್ಯ ಎಷ್ಟು ವ್ಯಾಪಕವೆಂಬುದನ್ನು ಪಶ್ಚಿಮ ಆಸ್ಟ್ರೇಲಿಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ, 1ರಿಂದ 6 ತಿಂಗಳ ವಯಸ್ಸಿನ ಶಿಶುಗಳನ್ನು ಪ್ರತಿ ಸಲ ಹಾಲೂಡಿಸುವ ಮೊದಲೂ ಅನಂತರವೂ ತೂಗಿ ನೋಡಿದಾಗ, ಅವು ದಿನಕ್ಕೆ ಸರಾಸರಿ 11 ಬಾರಿ ಹಾಲು ಕುಡಿದು ಸುಮಾರು 788 ಗ್ರಾಂ ಹಾಲನ್ನು ಪಡೆಯುತ್ತಿದ್ದುದು ಮತ್ತು ಅವುಗಳಲ್ಲಿ 64 ಶೇಕಡಾ ಶಿಶುಗಳು ರಾತ್ರಿಯೂ ಕುಡಿಯುತ್ತಿದ್ದುದು ಕಂಡುಬಂತು. ತಾಯಿಯ ದೇಹವೂ ಇದಕ್ಕೆ ಅನುಗುಣವಾಗಿಯೇ ಇದೆ: ಹಾಲು ಉತ್ಪಾದನೆಯನ್ನು ಪ್ರಚೋದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಮಟ್ಟ ರಾತ್ರಿಯಲ್ಲೇ ಹೆಚ್ಚು. ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ, ಅದನ್ನೂ ಹಗಲು ರಾತ್ರಿಯೆನ್ನದೆ ಮಗು ಕೇಳಿದಾಗಲೆಲ್ಲ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ರಾತ್ರಿಯ ಹಾಲೂಟವನ್ನು ತಗ್ಗಿಸುವ ಪ್ರಶ್ನೆ ಏಳುವುದು 6 ತಿಂಗಳು ತುಂಬಿದ ಮೇಲೆ, ಅದೂ ತಾಯಿಗೆ ದಣಿವು ಮಿತಿಮೀರಿದಾಗ ಮಾತ್ರ. ಅದು ಪ್ರತಿ ಮನೆಯೂ ಪಾಲಿಸಲೇಬೇಕಾದ ನಿಯಮವಲ್ಲ.

ಎಚ್ಚರ ಮತ್ತು ಹಸಿವು ಎರಡು ಬೇರೆ ಸಂಗತಿಗಳೆಂಬುದನ್ನು ಇಲ್ಲಿ ಗಮನಿಸಬೇಕು. ವಯಸ್ಕರ ಒಂದು ನಿದ್ರಾಚಕ್ರ ಸುಮಾರು 90 ನಿಮಿಷಗಳದಾದರೆ ಶಿಶುವಿನದು 50ರಿಂದ 60 ನಿಮಿಷಗಳದು. ಒಂದು ಚಕ್ರ ಮುಗಿದು ಇನ್ನೊಂದು ಮೊದಲಾಗುವ ಸಂಧಿಯಲ್ಲಿ ಮಗು ಅರೆ ಎಚ್ಚರಗೊಂಡು ಮುಲುಗುವುದು ಸಹಜ. ಬ್ರಿಟನ್ನಿನ ಆಮಿ ಬ್ರೌನ್ ಮತ್ತು ವಿಕ್ಟೋರಿಯಾ ಹ್ಯಾರೀಸ್ 6ರಿಂದ 12 ತಿಂಗಳ ಮಕ್ಕಳಿರುವ 715 ತಾಯಂದಿರಿಂದ ಮಾಹಿತಿ ಪಡೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವಯಸ್ಸಿನ 78 ಶೇಕಡಾಕ್ಕಿಂತ ಹೆಚ್ಚು ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಿದ್ದವು. ಹಗಲಿನಲ್ಲಿ ಹೆಚ್ಚು ಹಾಲು ಅಥವಾ ಗಟ್ಟಿ ಆಹಾರ ಪಡೆದ ಮಕ್ಕಳು ರಾತ್ರಿ ಹಾಲು ಕುಡಿಯುವುದು ಕಡಿಮೆಯಾಗಿತ್ತು, ಆದರೆ ಅವು ಏಳುವುದೇನೂ ಕಡಿಮೆಯಾಗಿರಲಿಲ್ಲ. ಎಂದರೆ, ಹಗಲಿನ ಆಹಾರದಿಂದ ರಾತ್ರಿಯ ಹಸಿವನ್ನು ತಗ್ಗಿಸಬಹುದೇ ಹೊರತು ರಾತ್ರಿಯ ಎಚ್ಚರವನ್ನಲ್ಲ. ಹಾಲೂಟ ತಗ್ಗಿದೊಡನೆ ಮಗು ಬೆಳಗಿನ ತನಕ ಮಲಗೀತೆಂಬ ನಿರೀಕ್ಷೆಗೆ ಆಧಾರವಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ದುಡಿಯುವ ಮನೆಗಳಲ್ಲಿ ಈ ಹಗಲಿನ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಇಲ್ಲಿನ ಅಸಂಖ್ಯ ಮನೆಗಳಲ್ಲಿ ಹೆಂಗಸರು ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಬೀಡಿ ಕಟ್ಟುತ್ತಾರೆ; ಇನ್ನು ಕೆಲವರು ಗೇರುಬೀಜದ ಕಾರ್ಖಾನೆಗಳಿಗೋ ಅಡಿಕೆ ತೋಟಗಳ ಕೆಲಸಕ್ಕೋ ಹೋಗುತ್ತಾರೆ. ತಾಯಿ ಹೊರಗೆ ದುಡಿಯುವಾಗ ಮಗು ಹಗಲಿನಲ್ಲಿ ಅರೆಹೊಟ್ಟೆಯಲ್ಲಿದ್ದು, ಆಕೆ ಮರಳಿದ ಮೇಲೆ ಸಂಜೆಯಿಂದ ಬೆಳಗಿನ ತನಕ ಕುಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಸ್ತನ್ಯಪಾನ ತಜ್ಞರು ಇದನ್ನು ಹಾಲೂಟದ ಚಕ್ರ ತಿರುಗುಮುರುಗಾಗುವುದೆಂದು ವಿವರಿಸುತ್ತಾರೆ. ತಾಯಿ ಮನೆಯಲ್ಲೇ ಇದ್ದರೂ, ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿರುವುದರಿಂದ ಹಗಲಿನ ಹಾಲೂಟ ಅವಸರದ್ದಾಗಬಹುದು. ಸುತ್ತಲಿನ ಸದ್ದಿಗೆಲ್ಲ ತಲೆ ತಿರುಗಿಸುವ ವಯಸ್ಸಿನ ಮಗುವಿಗೆ ಹಗಲಿನಲ್ಲಿ ನಾಲ್ಕೈದು ಸಲ ಗದ್ದಲವಿಲ್ಲದ ಒಳಕೋಣೆಯಲ್ಲಿ ಪುರುಸೊತ್ತಿನಿಂದ ಹಾಲೂಡಿಸುವುದು ರಾತ್ರಿಯ ಹೊರೆ ಇಳಿಸುವ ಮೊದಲ ಹೆಜ್ಜೆ.

ಬೀಡಿಯ ಸಂದರ್ಭದಲ್ಲಿ ಇನ್ನೊಂದು ಅಂಶವೂ ಇದೆ. ಹೊಗೆಸೊಪ್ಪಿನ ನಿಕೊಟಿನ್ ಚರ್ಮದ ಮೂಲಕವೂ ಉಸಿರಿಗೆ ಸೇರುವ ದೂಳಿನ ಮೂಲಕವೂ ರಕ್ತ ಸೇರುತ್ತದೆ, ಅಲ್ಲಿಂದ ಎದೆಹಾಲಿಗೂ ಹೋಗುತ್ತದೆ. ನಿಕೊಟಿನ್ ನಿದ್ದೆಗೆಡಿಸುವ ಉತ್ತೇಜಕ. ಧೂಮಪಾನ ಮಾಡುವ ತಾಯಂದಿರನ್ನು ಕುರಿತು ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ತಾಯಿ ಸಿಗರೇಟು ಸೇದಿದ ದಿನ ಗಮನಿಸಿದ ಅವಧಿಯಲ್ಲಿ ಶಿಶು ಸುಮಾರು 53 ನಿಮಿಷ ಮಲಗಿದರೆ, ಸೇದದ ದಿನ ಅಷ್ಟೇ ಅವಧಿಯಲ್ಲಿ ಸುಮಾರು 84 ನಿಮಿಷ ಮಲಗಿತ್ತು. ಬೀಡಿ ಕಟ್ಟುವುದೂ ಸೇದುವುದೂ ಒಂದೇ ಅಲ್ಲವಾದರೂ, ಹಾಲೂಡಿಸುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆದು ಬಟ್ಟೆ ಬದಲಿಸುವುದು, ಮಗು ಮಲಗುವ ಕೋಣೆಯಿಂದ ಹೊಗೆಸೊಪ್ಪನ್ನು ದೂರವಿಡುವುದು ಖರ್ಚಿಲ್ಲದ ಎಚ್ಚರಿಕೆಗಳು. ಮನೆಯೊಳಗೆ ಬೀಡಿ ಸೇದುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಎರಡನೆಯ ಹೆಜ್ಜೆ ಪೂರಕ ಆಹಾರದ್ದು, ಅಂದರೆ ಎದೆಹಾಲಿನ ಜೊತೆಗೆ 6 ತಿಂಗಳ ಅನಂತರ ಕೊಡುವ ಮೆದು ಆಹಾರದ್ದು. ಇದರಿಂದ 6ರಿಂದ 8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ, 9ರಿಂದ 11 ತಿಂಗಳಲ್ಲಿ ಸುಮಾರು 300 ಕಿಲೊಕ್ಯಾಲೊರಿ ಶಕ್ತಿ ದೊರೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕರಾವಳಿಯ ಮನೆಗಳಲ್ಲಿ ಸಾಮಾನ್ಯವಾದ ಕುಚ್ಚಲಕ್ಕಿ ಗಂಜಿಯ ತಿಳಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಶಕ್ತಿ ಕೊಡುವುದು ಕಡಿಮೆ, ಏಕೆಂದರೆ ಅದರ ಬಹುಪಾಲು ನೀರು. ಅದೇ ಗಂಜಿಯ ಅನ್ನವನ್ನು ಬೇಯಿಸಿದ ಹೆಸರುಬೇಳೆಯೊಡನೆ ನುಣ್ಣಗೆ ಕಿವುಚಿ ಸ್ವಲ್ಪ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಬೆರೆಸಿದರೆ, ಚಮಚದಿಂದ ಬೀಳದಷ್ಟು ಗಟ್ಟಿಯಾದ, ಸಾಂದ್ರವಾದ ಊಟವಾಗುತ್ತದೆ. ರಾಗಿಯ ಮೆದು ಪಾಕವಾದ ಮಣ್ಣಿಗೆ ಮೊಳಕೆ ಬರಿಸಿದ ರಾಗಿಯನ್ನು ಬಳಸಿದರೆ, ಮೊಳಕೆಯ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಕಡಿಮೆ ನೀರಿನಲ್ಲೂ ಮಣ್ಣಿ ನುಂಗಲು ಹದವಾಗಿ ಉಳಿಯುತ್ತದೆ. ಬೆಲ್ಲ ಸೇರಿಸುವ ಅಗತ್ಯವಿಲ್ಲ. ಇಂಥ ಊಟವನ್ನು ಸಂಜೆ ಕೊಟ್ಟು, ಮಲಗುವ ಮುನ್ನ ಪೂರ್ಣ ಹಾಲೂಟ ಮಾಡಿಸಬಹುದು.

ಇಷ್ಟಾದ ಮೇಲೆ ರಾತ್ರಿಯ ಹಾಲೂಟಗಳಲ್ಲಿ ಒಂದನ್ನು ಮಾತ್ರ, ಮಗುವಿಗೆ ಅತಿ ಕಡಿಮೆ ಆಸಕ್ತಿಯಿರುವುದನ್ನು ಆರಿಸಿ, ಎರಡು ಮೂರು ರಾತ್ರಿಗೊಮ್ಮೆ ಒಂದೆರಡು ನಿಮಿಷದಂತೆ ಮೊಟಕುಗೊಳಿಸುತ್ತ ಬರುವುದು ಸೌಮ್ಯವಾದ ಕ್ರಮ. ಬಾಟಲಿಯ ಹಾಲಾದರೆ ಪ್ರಮಾಣವನ್ನು 20ರಿಂದ 30 ಮಿಲಿಲೀಟರಿನಂತೆ ಇಳಿಸಲಾಗುತ್ತದೆ. ಮಗು ಮುಲುಗಿದೊಡನೆ ಎತ್ತಿಕೊಳ್ಳದೆ ಕ್ಷಣಹೊತ್ತು ಕಾದು, ತಂದೆಯೋ ಅಜ್ಜಿಯೋ ಮೆಲ್ಲಗೆ ತಟ್ಟಿ ಮಲಗಿಸಿದರೆ, ಹಾಲಿನ ವಾಸನೆ ಸಮೀಪವಿಲ್ಲದುದರಿಂದ ಅದು ಸುಲಭವಾಗಿ ನಿದ್ದೆಗೆ ಮರಳಬಹುದು. ಆದರೂ ಅಳು ನಿಲ್ಲದೆ, ಎದೆಗೆ ಹಚ್ಚಿದಾಗ ಗುಟುಕರಿಸಿ ಕುಡಿದರೆ ಅದು ಹಸಿವೇ ಸರಿ, ಆ ಹಾಲೂಟವನ್ನು ಉಳಿಸಿಕೊಳ್ಳಬೇಕು. ಹಾಲಿಗೆ ಬದಲಾಗಿ ಸಕ್ಕರೆನೀರು ಕೊಡುವುದು, ನೆಗಡಿಯ ಸಿರಪ್ಪಿನಿಂದ ಮಲಗಿಸುವುದು ಅಪಾಯಕರ.

ತಾಯಿಯ ದೇಹಕ್ಕೂ ಈ ನಿಧಾನ ಅವಶ್ಯಕ. ಸ್ತನದಲ್ಲಿ ಹಾಲು ಉಳಿದಷ್ಟೂ ಉತ್ಪಾದನೆ ತಾನಾಗಿ ತಗ್ಗುವ ಏರ್ಪಾಡು ಸ್ತನದಲ್ಲಿಯೇ ಇದ್ದು, ಅದಕ್ಕೆ ಕೆಲವು ದಿನಗಳ ಕಾಲಾವಕಾಶ ಬೇಕು. ಥಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿ ಸ್ತನ ಗಟ್ಟಿಯಾಗಿ, ಜ್ವರ ಸಹಿತ ಬಾವು ಬರಬಹುದು. ಬಿಗಿತ ಇಳಿಯುವಷ್ಟು ಮಾತ್ರ ಹಾಲನ್ನು ಕೈಯಿಂದ ಹಿಂಡಿ ತೆಗೆಯುವುದು ಪರಿಹಾರ. ಇದಲ್ಲದೆ, ಹಾಲೂಟಗಳ ನಡುವಿನ ಅಂತರ ಹೆಚ್ಚಿದಂತೆ ಅಂಡೋತ್ಪತ್ತಿ ಮತ್ತೆ ಮೊದಲಾಗುತ್ತದೆ. ಹಾಲೂಡಿಸುವಿಕೆ ಗರ್ಭಧಾರಣೆಯನ್ನು 98 ಶೇಕಡಾ ತಡೆಯುವುದು ಮಗು 6 ತಿಂಗಳೊಳಗಿನದಾಗಿದ್ದು, ಎದೆಹಾಲನ್ನೇ ಅವಲಂಬಿಸಿ, ತಾಯಿಗೆ ಮುಟ್ಟು ಮರಳಿರದಿದ್ದಾಗ ಮಾತ್ರ. ಆಮೇಲೆ ಬೇರೆ ಉಪಾಯ ಬೇಕೇ ಬೇಕು.

ಅವಧಿಗೆ ಮೊದಲೇ ಹುಟ್ಟಿದ, ತೂಕ ಸಾಲದ, ಜ್ವರ ಭೇದಿಗಳಿಂದ ಬಳಲುತ್ತಿರುವ ಮಕ್ಕಳಲ್ಲಿ ವೈದ್ಯರ ಸಲಹೆಯಿಲ್ಲದೆ ರಾತ್ರಿಯ ಹಾಲೂಟ ತಗ್ಗಿಸುವುದನ್ನು ಆರಂಭಿಸಬಾರದು. ಇತರ ಮಕ್ಕಳಲ್ಲಿ ಕ್ರಮ ಸರಿಯಾಗಿದೆಯೇ ಎಂಬುದನ್ನು ತಿಳಿಸುವುದು ಅಂಗನವಾಡಿಯ ತಕ್ಕಡಿ. ಬೆಳವಣಿಗೆಯ ನಕ್ಷೆಯಲ್ಲಿ ತೂಕದ ಗೆರೆ ಮೊದಲಿನಂತೆ ಏರುತ್ತಿದ್ದರೆ ಹಗಲಿನ ಆಹಾರ ಸಾಕಾಗುತ್ತಿದೆಯೆಂದೂ, ಗೆರೆ ಚಪ್ಪಟೆಯಾದರೆ ಬಿಡಿಸಿದ ಹಾಲೂಟವನ್ನು ಮರಳಿ ಕೊಡಬೇಕೆಂದೂ ಅರ್ಥ. ಹೀಗೆ ಮರಳಿ ಕೊಡುವುದು ಸೋಲೇನೂ ಅಲ್ಲ. ತಾಯಿಯ ಹಗಲಿನ ದುಡಿಮೆ ಮಗುವಿನ ಊಟಕ್ಕೆ ಎಷ್ಟು ಬಿಡುವು ಕೊಡುತ್ತದೆಯೋ ಅಷ್ಟೇ ರಾತ್ರಿಯ ಹಾಲೂಟವನ್ನು ತಗ್ಗಿಸಲು ಸಾಧ್ಯ.