ಬೆಳಕಿನ ಹಬ್ಬದಲ್ಲಿ ಮನೆಯ ಮೂಕಜೀವಿ

ಊರಿನಿಂದ ದೂರವಿರುವ ಕನ್ನಡಿಗರಿಗೆ ದೀಪಾವಳಿಯೆಂದರೆ ನಂಟರಿಷ್ಟರು ಒಂದೆಡೆ ಕೂಡುವ ಶುಭ ಸಂದರ್ಭ. ಆದರೆ ಮುಂಬಯಿಯಂತಹ ಮಹಾನಗರದ ಕಿರಿದಾದ ಮನೆಯಲ್ಲಿ ಸಾಕಿದ ನಾಯಿಗೆ ಅವೇ ಭೀತಿಯ ದಿನಗಳಾಗುವುದುಂಟು.

ಮಾನವನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿಯು ಸುಮಾರು 45,000ದವರೆಗೂ ಗ್ರಹಿಸಬಲ್ಲುದು. ಪಟಾಕಿ ಸಿಡಿದಾಗ ಅದು ನಡುಗುವುದು, ಏದುಸಿರು ಬಿಡುವುದು, ಮಂಚದಡಿ ಅವಿತುಕೊಳ್ಳುವುದು ಹಟಮಾರಿತನವಲ್ಲ, ಭಯದ ಲಕ್ಷಣ. ಅವಿತ ಪ್ರಾಣಿಯನ್ನು ಗದರಿಸುವುದಾಗಲಿ, ಎಳೆದು ಹೊರತರುವುದಾಗಲಿ ಸಲ್ಲದು.

ಅತಿಥಿಗಳಿಗೆಂದು ಬಾಗಿಲು ತೆರೆದೊಡನೆ ಬೆದರಿದ ನಾಯಿಯು ಹೊರಗೋಡಿ ದಾರಿ ತಪ್ಪುವ ಅಪಾಯವಿದೆ. ಆದುದರಿಂದ ಕತ್ತಲಾಗುವ ಮುನ್ನವೇ ಅದನ್ನು ತಿರುಗಾಡಿಸಿ ತಂದು, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ನೀರು, ಹಾಸಿಗೆಗಳೊಡನೆ ಇರಿಸಬೇಕು, ಮನೆಯವರೊಬ್ಬರು ಬಳಿಯಿರಬೇಕು. ಕೊರಳಪಟ್ಟಿಯ ಮೇಲೆ ದೂರವಾಣಿ ಸಂಖ್ಯೆ ಬರೆದಿರಲಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದಿನ ಪಟಾಕಿ ಸುಡುವುದನ್ನು ಸುಪ್ರೀಂ ಕೋರ್ಟು 2005ರಲ್ಲಿಯೇ ನಿಷೇಧಿಸಿದ್ದರೂ, ನರಕಚತುರ್ದಶಿಯಂದು ನಸುಕಿನಲ್ಲಿಯೇ ಸದ್ದು ಕೇಳಿಬರುವುದುಂಟು. ಅಂದು ಬೆಳಗಿನ ತಿರುಗಾಟವನ್ನು ಸದ್ದಡಗುವವರೆಗೆ ಮುಂದೂಡುವುದೊಳಿತು.

ಆಹಾರದಲ್ಲಿಯೂ ಎಚ್ಚರ ಅಗತ್ಯ. ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳು ಕೆಡಬಹುದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಅದರ ಹೃದಯಕ್ಕೂ ನರಮಂಡಲಕ್ಕೂ ಹಾನಿಕರ. ಮಕ್ಕಳು ಪ್ರೀತಿಯಿಂದ ನೀಡುವ ಒಂದು ಲಾಡೂ, ಅದರಲ್ಲಿ ದ್ರಾಕ್ಷಿಯಿದ್ದರೆ, ವಿಷವಾದೀತು. ಬಂದವರಿಗೆ ಇದನ್ನು ಮೊದಲೇ ತಿಳಿಸಬೇಕು.

ಅತಿಯಾಗಿ ಹೆದರುವ ನಾಯಿಗೆ ಮನುಷ್ಯರ ನಿದ್ರೆಯ ಮಾತ್ರೆಯನ್ನು ಕೊಡಕೂಡದು. ಹಬ್ಬಕ್ಕೆ ಕೆಲವು ದಿನಗಳ ಮುಂಚೆಯೇ ಪಶುವೈದ್ಯರನ್ನು ಕಾಣುವುದು ಲೇಸು. ವರ್ಷವಿಡೀ ಮನೆಯನ್ನು ಕಾಯುವ ಜೀವವನ್ನು ಆ ಮೂರು ರಾತ್ರಿ ಮನೆಯವರು ಕಾಯುವುದು ಧರ್ಮ.