ಪುಟದ ಜೊತೆಗೇ ಬಂದ ಅಕ್ಷರ

ಇಪ್ಪತ್ತು ವರ್ಷಗಳ ಹಿಂದೆ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕಕ್ಕೆ ದುಡ್ಡು ಕೊಟ್ಟು ಕೂತು ಕನ್ನಡದ ಜಾಲತಾಣ ತೆರೆದವರು ಆ ಪುಟಗಳನ್ನು ಮರೆತಿರಲಾರರು. ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಸುದ್ದಿ ಸರಿಯಾಗಿ ಕಾಣುತ್ತಿತ್ತು. ಅದೇ ಪುಟವನ್ನು ಬೇರೆ ಬ್ರೌಸರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ, ಆವರಣಗಳ ಕಲಸುಮೇಲೋಗರ. ‘ಫಾಂಟ್ ಇಳಿಸಿಕೊಳ್ಳಿ’ ಎಂದು ಮೇಲೊಂದು ಸಾಲು ಇರುತ್ತಿತ್ತು. ನಾನು ಹೋಗುತ್ತಿದ್ದ ಕೆಫೆಯಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ನನ್ನದೇ ಭಾಷೆಯ ಸುದ್ದಿಯನ್ನು ಓದಲಾಗದೆ ಎದ್ದುಬಂದ ದಿನಗಳಿವೆ.

ಕಾರಣ ಸರಳವಾಗಿತ್ತು. ಆಗಿನ ಬಹಳಷ್ಟು ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಕೂರಿಸುತ್ತಿದ್ದವು. ಆ ಚಿತ್ರಗಳಿರುವ ಫಾಂಟ್ ಓದುಗನ ಕಂಪ್ಯೂಟರಿನಲ್ಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಕಗ್ಗ. ಹಾಗಾದರೆ ಪುಟದ ಜೊತೆಗೇ ಫಾಂಟನ್ನೂ ಕಳಿಸಿದರಾಯಿತಲ್ಲ?

ಈ ಯೋಚನೆ ಹೊಸದೇನೂ ಆಗಿರಲಿಲ್ಲ. 1997ರಲ್ಲೇ ಮೈಕ್ರೋಸಾಫ್ಟ್ ಮತ್ತು ನೆಟ್‌ಸ್ಕೇಪ್ ಎರಡೂ ಅದನ್ನು ಮಾಡಿ ತೋರಿಸಿದ್ದವು. ಆದರೆ ಮೈಕ್ರೋಸಾಫ್ಟ್ ಇಒಟಿ ಎಂಬ ತನ್ನದೇ ಕಡತರೂಪ ತಂದರೆ, ನೆಟ್‌ಸ್ಕೇಪ್ ಬಿಟ್‌ಸ್ಟ್ರೀಮ್ ಸಂಸ್ಥೆಯ ಟ್ರೂಡಾಕ್ ಹಿಡಿಯಿತು. ಒಂದರದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಪುಟಗಳ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಎರಡನೆಯ ಆವೃತ್ತಿ 1998ರಲ್ಲಿ ‘ಫಾಂಟ್ ಇಂಥ ಕಡೆಯಿಂದ ತಾ’ ಎಂದು ಹೇಳುವ ನಿಯಮವನ್ನು ಸೇರಿಸಿಕೊಂಡಿತು. ತರುವ ಕಡತ ಯಾವ ರೂಪದಲ್ಲಿರಬೇಕು ಎಂಬ ವಿಷಯದಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಕೊನೆಗೆ 2.1ರ ಪರಿಷ್ಕರಣೆಯಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ಮುಂದಿನ ಹತ್ತು ವರ್ಷ ವೆಬ್ ಏರಿಯಲ್, ಜಾರ್ಜಿಯ, ವರ್ಡಾನಾದಂಥ ಬೆರಳೆಣಿಕೆಯ ಫಾಂಟುಗಳಲ್ಲೇ ಕಾಲ ಹಾಕಿತು. 2007ರಲ್ಲಿ ಸಿಎಸ್‌ಎಸ್‌ನ ಜನಕ, ನಾರ್ವೆಯ ಹೋಕನ್ ವಿಯುಮ್ ಲೀ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದರು: ಚಿತ್ರಗಳು ಪುಟದ ಜೊತೆ ಬರುವಂತೆ ಅಕ್ಷರಗಳೂ ಏಕೆ ಬರಬಾರದು? 2008ರ ಮಾರ್ಚ್‌ನಲ್ಲಿ ಸಫಾರಿ 3.1, ಮರುವರ್ಷದ ಜೂನ್‌ನಲ್ಲಿ ಫೈರ್‌ಫಾಕ್ಸ್ 3.5 ಸಾಮಾನ್ಯ ಫಾಂಟ್ ಕಡತಗಳನ್ನೇ ನೇರವಾಗಿ ತಂದು ತೋರಿಸತೊಡಗಿದವು.

ಅಲ್ಲಿಗೆ ಜಗಳ ಬಹಿರಂಗವಾಯಿತು. ಒಂದು ಫಾಂಟ್ ಬರೆಯಲು ವಿನ್ಯಾಸಕರಿಗೆ ವರ್ಷಗಳೇ ಹಿಡಿಯುತ್ತವೆ. ಆ ಕಡತವನ್ನು ಹಾಗೇ ಸರ್ವರ್ ಮೇಲಿಟ್ಟರೆ ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು. ‘ನಮ್ಮ ಹೊಟ್ಟೆಪಾಡೇನು?’ ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ಮೈಕ್ರೋಸಾಫ್ಟ್‌ನ ಇಒಟಿಯಲ್ಲಿ ಫಾಂಟನ್ನು ಇಂಥ ತಾಣಕ್ಕೆ ಮಾತ್ರ ಎಂದು ಕಟ್ಟಿಹಾಕುವ ಏರ್ಪಾಟಿತ್ತು. ಬೀಗ ಕಾಯುವ ಕೆಲಸ ನಮ್ಮದಲ್ಲ ಎಂದು ಉಳಿದ ಬ್ರೌಸರಿನವರು ಒಪ್ಪಲಿಲ್ಲ. ಅವರ ಮಾತಿನಲ್ಲೂ ನ್ಯಾಯವಿತ್ತು.

ದಾರಿ ಸಿಕ್ಕಿದ್ದು 2009ರಲ್ಲಿ, ಎರಡು ಕಡೆಯಿಂದ. ಅಕ್ಷರ ವಿನ್ಯಾಸಕರಾದ ಟಾಲ್ ಲೆಮಿಂಗ್ ಮತ್ತು ಎರಿಕ್ ವಾನ್ ಬ್ಲಾಕ್‌ಲ್ಯಾಂಡ್ ಒಂದು ಹೊಸ ಹೊದಿಕೆಯನ್ನು ಸೂಚಿಸಿದರು: ಫಾಂಟಿನ ಜೊತೆ ಅದನ್ನು ಬರೆದವರ ಹೆಸರು, ಪರವಾನಗಿಯ ವಿವರ ಇರಲಿ. ಮೊಜಿಲ್ಲಾದ ಜೊನಾಥನ್ ಕ್ಯೂ ಇನ್ನೊಂದು ಸೂಚನೆ ಇಟ್ಟರು: ಫಾಂಟಿನೊಳಗಿನ ಒಂದೊಂದು ಕೋಷ್ಟಕವನ್ನೂ ಬೇರೆಬೇರೆಯಾಗಿ ಒತ್ತಿ ಚಿಕ್ಕದು ಮಾಡೋಣ. ಕ್ಯೂ ಅದಕ್ಕೂ ಮೊದಲು ಜಗತ್ತಿನ ಜಟಿಲ ಲಿಪಿಗಳನ್ನು ಅಚ್ಚಿಗೆ ಜೋಡಿಸುವ ಝೀಟೆಕ್ ತಂತ್ರಾಂಶ ರೂಪಿಸಿದವರು. ಎರಡು ಸೂಚನೆಗಳೂ ಬೆರೆತು ‘ವೋಫ್’ ಎಂಬ ಕಡತರೂಪ ಹುಟ್ಟಿತು.

ಅದರಲ್ಲಿ ಬೀಗವಿರಲಿಲ್ಲ, ಬೇಲಿಯಷ್ಟೇ ಇತ್ತು. ವೋಫ್ ಕಡತವನ್ನು ಬಿಚ್ಚುವುದು ಬಲ್ಲವರಿಗೆ ಸುಲಭ. ಆದರೆ ಇಳಿಸಿಕೊಂಡ ಕೂಡಲೇ ಕಂಪ್ಯೂಟರಿನ ಫಾಂಟುಗಳ ಸಾಲಿಗೆ ಅದನ್ನು ಸೇರಿಸಲು ಬರುತ್ತಿರಲಿಲ್ಲ. ತೋಟದ ಮುಳ್ಳುಬೇಲಿ ಕಳ್ಳನನ್ನು ತಡೆಯಲಾರದು. ಇದು ಇನ್ನೊಬ್ಬರ ಬೆಳೆ ಎಂದು ದಾರಿಹೋಕನಿಗೆ ಹೇಳುತ್ತದೆ. ವಿನ್ಯಾಸಕರಿಗೆ ಅಷ್ಟು ಗೌರವ ಸಾಕಾಯಿತು, ಬ್ರೌಸರಿನವರಿಗೆ ಕಾವಲಿನ ಹೊರೆ ತಪ್ಪಿತು.

2010ರ ಜನವರಿಯಲ್ಲಿ ಫೈರ್‌ಫಾಕ್ಸ್ 3.6 ಇದನ್ನು ಮೊದಲು ಅಳವಡಿಸಿಕೊಂಡಿತು. ಏಪ್ರಿಲ್‌ನಲ್ಲಿ ಮೊಜಿಲ್ಲಾ, ಒಪೇರಾ ಮತ್ತು ಮೈಕ್ರೋಸಾಫ್ಟ್ ಜೊತೆಯಾಗಿ ವೋಫ್ ಅನ್ನು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟದ ಮುಂದಿಟ್ಟವು. ಹದಿಮೂರು ವರ್ಷ ತನ್ನದೇ ಕಡತರೂಪಕ್ಕೆ ಅಂಟಿಕೊಂಡಿದ್ದ ಸಂಸ್ಥೆ ಎದುರಾಳಿಗಳ ಜೊತೆ ಸಹಿ ಹಾಕಿದ್ದನ್ನು ನಾನು ಈ ಕತೆಯ ನಿಜವಾದ ತಿರುವು ಎನ್ನುತ್ತೇನೆ. ಕ್ರೋಮ್, 2011ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 9, ಸಫಾರಿ 5.1 ಸೇರಿಕೊಂಡವು. 2012ರ ಡಿಸೆಂಬರ್‌ನಲ್ಲಿ ವೋಫ್ ಅಧಿಕೃತ ಮಾನಕವಾಯಿತು.

ಕನ್ನಡಕ್ಕೆ ಇದರ ಬೆಲೆ ಇನ್ನೂ ಹೆಚ್ಚು. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ಕೊಟ್ಟಿತು, ಪರರ ಮನೆಯ ವಾಸ ತಪ್ಪಿತು. ಆದರೆ ‘ಸ್ತ್ರೀ’ ಎಂದು ಬರೆಯಲು ಬೇಕಾದ ಆರು ಸಂಕೇತಗಳನ್ನು ಒಂದೇ ಅಕ್ಷರವಾಗಿ ಕಟ್ಟುವ ವಿಧಾನ ಫಾಂಟಿನೊಳಗಿನ ಕೋಷ್ಟಕದಲ್ಲಿರುತ್ತದೆ. ವೋಫ್ ಅದನ್ನು ಚಿಕ್ಕದು ಮಾಡಿ ಸಾಗಿಸುತ್ತದೆ, ತಲುಪಿದ ಮೇಲೆ ಒಂದು ಒತ್ತೂ ಕಳೆಯದಂತೆ ಬಿಚ್ಚುತ್ತದೆ. ಒತ್ತು, ಗುಣಿತಗಳಿಂದಾಗಿ ನಮ್ಮ ಫಾಂಟುಗಳು ತೂಕದವು. 2018ರಲ್ಲಿ ಮಾನಕವಾದ ವೋಫ್ 2, ಬ್ರೋಟ್ಲಿ ಎಂಬ ಉತ್ತಮ ಸಂಕೋಚನ ವಿಧಾನದಿಂದ ಆ ಹೊರೆಯನ್ನು ಇನ್ನಷ್ಟು ಇಳಿಸಿತು. ಇಂದು ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡದಂಥ ಫಾಂಟುಗಳನ್ನು ಯಾವ ತಾಣವೂ ಉಚಿತವಾಗಿ ಬಳಸಬಹುದು.

ಫಾಂಟನ್ನು ಕಳಿಸುವ ತಂತ್ರ 1997ರಲ್ಲೇ ಇತ್ತು. ಅದು ಒಂದೇ ಬ್ರೌಸರಿನ ಸ್ವತ್ತಾಗಿದ್ದಷ್ಟು ಕಾಲ ಉಳಿದ ಬ್ರೌಸರುಗಳ ಓದುಗರಿಗೆ ಪುಟ ಕಗ್ಗವಾಗಿಯೇ ಉಳಿಯಿತು. ಆಮೇಲೆ ಕಂಡುಕೊಂಡದ್ದು ಎಲ್ಲರೂ ಒಪ್ಪಬಹುದಾದ ಒಂದು ಹೊದಿಕೆಯನ್ನು. ಈಗ ಕನ್ನಡದ ಪುಟ ತೆರೆದಾಗ ಕ್ಷಣಹೊತ್ತು ಒಂದು ಅಕ್ಷರರೂಪ ಕಂಡು, ಮರುಕ್ಷಣ ಇನ್ನೊಂದು ಬಂದು ಕೂರುವುದನ್ನು ಕೆಲವೊಮ್ಮೆ ನೋಡುತ್ತೇನೆ. ಪುಟದ ಹಿಂದೆಯೇ ಹೊರಟ ಫಾಂಟ್ ಆಗತಾನೇ ಬಂದು ಮುಟ್ಟಿತು ಎಂದರ್ಥ. ಆ ಕೆಫೆಯಲ್ಲಿ ನಾನು ಕಾದದ್ದು ಅದಕ್ಕೇ.